ಸಿಗರೇಟು ಬಿಡದಿದ್ದರೆ ವಸಡಿನ ಸರ್ಜರಿ ಮಾಡುವುದಿಲ್ಲ ಎಂದರು ವೈದ್ಯರು. ಈ ಷರತ್ತು ಸರಿಯೇ?

ಮಂಜು_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನನಗೆ ವಯಸ್ಸು 44. ಕೆಳದವಡೆಯ ಮುಂದಿನ ಎರಡು ಹಲ್ಲುಗಳು ಅಲುಗಾಡುತ್ತಿವೆ. ಬಾಯಿ ವಾಸನೆ ಬರುತ್ತದೆ ಎಂದು ಮನೆಯವರು ಹೇಳುತ್ತಲೇ ಇದ್ದರು. ಕೊನೆಗೆ ವಸಡಿನ ತಜ್ಞರೊಬ್ಬರನ್ನು ಕಂಡೆ. ಎಕ್ಸ್‌ರೇ ತೆಗೆದರು. ಗೀರುಗಳಿದ್ದ ಒಂದು ಸಣ್ಣ ಕಡ್ಡಿಯನ್ನು ಪ್ರತಿ ಹಲ್ಲಿನ ಸುತ್ತ ವಸಡಿನೊಳಗೆ ಇಳಿಸಿ, "ನಾಲ್ಕು, ಆರು, ಏಳು" ಎಂದು ಸಹಾಯಕಿಯಿಂದ ಬರೆಸಿಕೊಂಡರು. ಪೆರಿಯೊಡಾಂಟೈಟಿಸ್ (ಹಲ್ಲನ್ನು ಹಿಡಿದಿಡುವ ಮೂಳೆಯನ್ನು ಕರಗಿಸುವ ವಸಡಿನ ರೋಗ), ಮೂರನೇ ಹಂತ, ಗ್ರೇಡ್ ಸಿ ಎಂದು ಚೀಟಿಯಲ್ಲಿದೆ. ಮೊದಲು ಆಳವಾದ ಕ್ಲೀನಿಂಗ್, ಎರಡು ಮೂರು ತಿಂಗಳ ಬಳಿಕ ಮತ್ತೆ ಅಳತೆ, ಅಗತ್ಯವಿದ್ದರೆ ಫ್ಲ್ಯಾಪ್ ಸರ್ಜರಿ (ವಸಡು ಬಿಡಿಸಿ ಒಳಗೆ ಸ್ವಚ್ಛಮಾಡುವುದು) ಮತ್ತು ಬೋನ್ ಗ್ರಾಫ್ಟ್ (ಮೂಳೆ ಹೋದ ಜಾಗಕ್ಕೆ ಮೂಳೆಯ ಪುಡಿ ತುಂಬುವುದು). ಇದು ಅವರ ಯೋಜನೆ. ಆದರೆ ಸಿಗರೇಟು ನಿಲ್ಲಿಸದಿದ್ದರೆ ಸರ್ಜರಿಗೆ ಕೈಹಾಕುವುದಿಲ್ಲ ಎಂದು ನೇರವಾಗಿ ಹೇಳಿದರು. ನಾನು ದಿನಕ್ಕೆ ಒಂದು ಪ್ಯಾಕಿನಷ್ಟು ಸೇದುತ್ತೇನೆ.

ನನಗೆ ಅರ್ಥವಾಗದ ಸಂಗತಿ ಇದು. ನನ್ನ ವಸಡಿನಿಂದ ಎಂದೂ ರಕ್ತ ಬಂದಿಲ್ಲ. ಹೆಂಡತಿಗೆ ಹಲ್ಲುಜ್ಜಿದರೆ ಸಾಕು, ರಕ್ತ ಕಾಣಿಸುತ್ತದೆ. ಅವಳನ್ನೂ ಪರೀಕ್ಷಿಸಿ "ಬರೀ ಊತ, ಕ್ಲೀನಿಂಗ್ ಮಾಡಿದರೆ ಸರಿಹೋಗುತ್ತದೆ" ಎಂದರು. ರಕ್ತ ಬಾರದ ನನಗೆ ದೊಡ್ಡ ರೋಗ, ರಕ್ತ ಬರುವ ಅವಳಿಗೆ ಸಣ್ಣದು ಎಂದರೆ ಏನು ಲೆಕ್ಕ? ಮತ್ತು ದುಡ್ಡು ಕೊಡುವ ರೋಗಿಗೆ ಹೀಗೆ ಷರತ್ತು ಹಾಕಬಹುದೇ? ತಿಳಿದವರು ಹೇಳಿ.

ಹೊಸಪೇಟೆ_ಹನುಮ:
ವೈದ್ಯರನ್ನು ಬದಲಿಸಿ ಅಣ್ಣ. ಚಿಕಿತ್ಸೆ ಕೊಡುವುದು ಅವರ ಕೆಲಸ, ನಮ್ಮ ಚಟಕ್ಕೆ ತೀರ್ಪು ಕೊಡುವುದಲ್ಲ. ಮಧುಮೇಹ ಇರುವವರಿಗೆ ಸಿಹಿ ಬಿಟ್ಟ ಮೇಲೆಯೇ ಮಾತ್ರೆ ಕೊಡುತ್ತೇವೆ ಎಂದು ಯಾರಾದರೂ ಹೇಳುತ್ತಾರೆಯೇ?

ವಸಡುವೈದ್ಯೆ_ಮೈಸೂರು:
ನಾನು ಇದೇ ವಿಭಾಗದ ವೈದ್ಯೆ. ನಿಮ್ಮ ಬಾಯಿಯನ್ನು ನೋಡದೆ ನಿಮ್ಮ ಚಿಕಿತ್ಸೆಯ ಬಗ್ಗೆ ತೀರ್ಮಾನ ಹೇಳುವುದಿಲ್ಲ. ಆದರೆ ರಕ್ತದ ಪ್ರಶ್ನೆಗೆ ಉತ್ತರಿಸಲೇಬೇಕು. ವಾರದಲ್ಲಿ ಹಲವರು ನನ್ನೆದುರು ಕುಳಿತು ಇದನ್ನೇ ಕೇಳುತ್ತಾರೆ.

ವಸಡಿನಿಂದ ರಕ್ತ ಬರುವುದು ಊತದ ಸೂಚನೆ. ಹಲ್ಲಿನ ಮೇಲೆ ಕಟ್ಟುವ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳನ್ನು ಎದುರಿಸಲು ದೇಹ ಅಲ್ಲಿಗೆ ರಕ್ತ ಹರಿಸುತ್ತದೆ, ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಬ್ರಷ್ ತಾಗಿದಾಗ ಒಡೆಯುತ್ತವೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ವರ್ಷಗಟ್ಟಲೆ ಸೇದಿದವರ ವಸಡಿನಲ್ಲಿ ಊತಕ್ಕೆ ಸ್ಪಂದಿಸುವ ಆ ಸೂಕ್ಷ್ಮ ನಾಳಗಳ ಜಾಲವೇ ಕಡಿಮೆಯಾಗಿರುತ್ತದೆ. ಹೀಗಾಗಿ ವಸಡು ಕೆಂಪಾಗುವುದಿಲ್ಲ, ಮೃದುವಾಗುವುದಿಲ್ಲ, ರಕ್ತ ಸುರಿಸುವುದಿಲ್ಲ. ಮಸುಕು ಗುಲಾಬಿ ಬಣ್ಣದಲ್ಲಿ ಗಟ್ಟಿಯಾಗಿ, ಆರೋಗ್ಯವಾಗಿರುವಂತೆಯೇ ಕಾಣುತ್ತದೆ. ಒಳಗೆ ಮೂಳೆ ಕರಗುತ್ತಲೇ ಇರುತ್ತದೆ. ನಿಮ್ಮ ಮನೆಯವರಿಗೆ ಎಚ್ಚರಿಕೆಯ ಗಂಟೆ ಬಾರಿಸಿತು, ಅವರು ಉಳಿದುಕೊಂಡರು. ನಿಮಗೆ ಅದು ಬಾರಿಸಲೇ ಇಲ್ಲ.

ಆ ಕಡ್ಡಿಯ ಅಂಕಿಗಳು ಮಿಲಿಮೀಟರುಗಳು. ಹಲ್ಲಿಗೂ ವಸಡಿಗೂ ನಡುವಿನ ಸಂದು 1ರಿಂದ 3 ಮಿ.ಮೀ. ಇದ್ದರೆ ಸಹಜ. ರೋಗದಿಂದ ಅದು ಆಳವಾದಾಗ ಪಾಕೆಟ್ ಎನ್ನುತ್ತೇವೆ. ಆರು, ಏಳು ಮಿ.ಮೀ. ಆಳಕ್ಕೆ ನಿಮ್ಮ ಬ್ರಷ್ ಎಂದಿಗೂ ತಲುಪುವುದಿಲ್ಲ. ಅಲ್ಲಿ ಆಮ್ಲಜನಕ ಕಡಿಮೆ. ಅಂಥ ಜಾಗವೇ ಬೇಕೆನ್ನುವ ಬ್ಯಾಕ್ಟೀರಿಯಾಗಳು ಮನೆ ಮಾಡುತ್ತವೆ. ಹೊಗೆ ಆ ವಾತಾವರಣವನ್ನು ಅವುಗಳಿಗೆ ಇನ್ನಷ್ಟು ಒಗ್ಗಿಸುತ್ತದೆ.

ಇನ್ನು ಚಿಕಿತ್ಸೆ. ನಾವು ಬೇರಿನ ಮೇಲಿನ ಟಾರ್ಟರ್ (ಕಲ್ಲಿನಂತೆ ಗಟ್ಟಿಯಾದ ಪಾಚಿ) ಕೆರೆದು ತೆಗೆಯುತ್ತೇವೆ, ಅಷ್ಟೇ. ವಸಡು ಮತ್ತೆ ಹಲ್ಲಿಗೆ ಬಿಗಿಯಾಗಿ ಅಂಟಿಕೊಳ್ಳುವಂತೆ ಮಾಡುವುದು ನಿಮ್ಮ ದೇಹ. ಅದಕ್ಕೆ ಒಳ್ಳೆಯ ರಕ್ತಸಂಚಾರ ಬೇಕು, ಸೋಂಕನ್ನು ನುಂಗುವ ಬಿಳಿ ರಕ್ತಕಣಗಳು ಚುರುಕಾಗಿರಬೇಕು, ಹೊಸ ನಾರುಗಳನ್ನು ಹೆಣೆಯುವ ಜೀವಕೋಶಗಳು ಕೆಲಸ ಮಾಡಬೇಕು. ತಂಬಾಕಿನ ಹೊಗೆ ಈ ಮೂರನ್ನೂ ಕೆಡಿಸುತ್ತದೆ. ಅದೇ ವೈದ್ಯ, ಅದೇ ಉಪಕರಣ, ಅಷ್ಟೇ ಶ್ರಮ. ಆದರೂ ಸೇದುವವರಲ್ಲಿ ಪಾಕೆಟ್ ಕಡಿಮೆ ಕುಗ್ಗುತ್ತದೆ. ಗ್ರಾಫ್ಟ್ ಇಟ್ಟಾಗ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ನಿಮ್ಮ ವೈದ್ಯರು ಸರ್ಜರಿಗೆ ಹಿಂಜರಿದದ್ದು ಆ ಕಾರಣಕ್ಕೆ ಎಂದು ನನ್ನ ಊಹೆ.

ಲೆಕ್ಕಿಗ:
ಮೇಡಂ, "ಕಡಿಮೆ ಕುಗ್ಗುತ್ತದೆ" ಎಂದರೆ ಎಷ್ಟು? ಬಿಟ್ಟವರಿಗೆ ನಿಜವಾಗಿಯೂ ಲಾಭವಾಗಿದೆ ಎನ್ನಲು ಆಧಾರವಿದೆಯೇ? ಎಲ್ಲ ಕಾಯಿಲೆಗೂ ಸಿಗರೇಟೇ ಕಾರಣ ಎನ್ನುವ ಅಭ್ಯಾಸ ವೈದ್ಯರಲ್ಲಿ ಇದೆ. ಅದಕ್ಕಾಗಿ ಕೇಳುತ್ತಿದ್ದೇನೆ.

ಹಳೇಬೇರು:
ನಮ್ಮ ದೊಡ್ಡಪ್ಪ ತೀರಿಕೊಳ್ಳುವ ತನಕ ಬೀಡಿ ಸೇದಿದರು. ಎಂಬತ್ತು ದಾಟಿದರೂ ಚಕ್ಕುಲಿ ಕಡಿಯುತ್ತಿದ್ದರು. ಹಲ್ಲು ಗಟ್ಟಿ ಇರುವುದು ವಂಶದಿಂದ ಬರುತ್ತದೆ. ಬೇವಿನ ಕಡ್ಡಿಯಿಂದ ಉಜ್ಜಿದ ತಲೆಮಾರು ಅದು.

ಲೆಕ್ಕಿಗ:
@ಹಳೇಬೇರು ಒಬ್ಬ ದೊಡ್ಡಪ್ಪನಿಂದ ಏನೂ ಸಾಬೀತಾಗುವುದಿಲ್ಲ ಸ್ವಾಮಿ. ಅದೇ ಊರಿನಲ್ಲಿ ಐವತ್ತಕ್ಕೇ ಹಲ್ಲೆಲ್ಲ ಉದುರಿ, ಗಂಜಿ ಕುಡಿದು ಬದುಕಿದ ಬೀಡಿ ಸೇದುವವರು ಎಷ್ಟು ಮಂದಿ ಇದ್ದರು ಎಂಬುದನ್ನೂ ನೆನಪಿಸಿಕೊಳ್ಳಿ.

ವಸಡುವೈದ್ಯೆ_ಮೈಸೂರು:
ಲೆಕ್ಕಿಗರೇ, ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಆಧರಿಸಿ 2000ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಸೇದುವವರಿಗೆ ಪೆರಿಯೊಡಾಂಟೈಟಿಸ್ ಇರುವ ಸಾಧ್ಯತೆ, ಎಂದೂ ಸೇದದವರಿಗಿಂತ ಸುಮಾರು ನಾಲ್ಕು ಪಟ್ಟು ಎಂದು ಅದರಲ್ಲಿ ಕಂಡುಬಂತು. ಆ ದೇಶದ ವಯಸ್ಕರ ಪೆರಿಯೊಡಾಂಟೈಟಿಸ್ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಧೂಮಪಾನವೇ ಕಾರಣವಿರಬಹುದು ಎಂದು ಅವರು ಅಂದಾಜಿಸಿದರು. ಬಿಟ್ಟು ಹನ್ನೊಂದು ವರ್ಷ ದಾಟಿದವರಲ್ಲಿ ಆ ಹೆಚ್ಚುವರಿ ಅಪಾಯ ಹೆಚ್ಚುಕಡಿಮೆ ಅಳಿದುಹೋಗಿತ್ತು.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಕ್ಲೀನಿಂಗ್‌ನಿಂದ ಸೇದದವರಲ್ಲಿ ಸಿಗುವ ಸುಧಾರಣೆಗೂ ಸೇದುವವರಲ್ಲಿ ಸಿಗುವುದಕ್ಕೂ ಸರಾಸರಿ ವ್ಯತ್ಯಾಸ ಮಿಲಿಮೀಟರಿನ ಭಿನ್ನರಾಶಿಯಷ್ಟು. ಓದಲು ಸಣ್ಣದು. ಆದರೆ 6 ಮಿ.ಮೀ. ಪಾಕೆಟ್ 4ಕ್ಕೆ ಇಳಿಯುವುದಕ್ಕೂ 5ರಲ್ಲಿ ನಿಲ್ಲುವುದಕ್ಕೂ ನಡುವೆ ಇರುವುದು ಸರ್ಜರಿ ಬೇಕೇ ಬೇಡವೇ ಎಂಬ ತೀರ್ಮಾನ. ಬಿಟ್ಟವರ ಬಗ್ಗೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದ ಒಂದು ಅಧ್ಯಯನ 2005ರಲ್ಲಿ ಬಂತು. ಸಣ್ಣ ಅಧ್ಯಯನ, ಅದನ್ನು ಒಪ್ಪುತ್ತೇನೆ. ಎಲ್ಲರಿಗೂ ಕ್ಲೀನಿಂಗ್ ಮಾಡಿ, ಜೊತೆಗೆ ಸಿಗರೇಟು ಬಿಡಲು ನೆರವು ಕೊಟ್ಟು, ಒಂದು ವರ್ಷ ಹಿಂಬಾಲಿಸಿದರು. ಪೂರ್ತಿ ಬಿಟ್ಟವರ ಪಾಕೆಟ್‌ಗಳು, ಬಿಡದವರ ಮತ್ತು ಬಿಟ್ಟು ಮತ್ತೆ ಹಿಡಿದವರ ಪಾಕೆಟ್‌ಗಳಿಗಿಂತ ಚೆನ್ನಾಗಿ ಕುಗ್ಗಿದ್ದವು.

ಶಾಲ್ಮಲಾ:
ನಾನು ಧಾರವಾಡದವಳು. ಇದನ್ನು ಬರೆಯಬೇಕೇ ಬೇಡವೇ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರಿಗೆ ಮೇಲ್ದವಡೆಯ ಹಲ್ಲಿಗೆ ಗ್ರಾಫ್ಟ್ ಹಾಕಿಸಿದೆವು. ಅದಕ್ಕೂ ಮುಂಚೆ ಬೇರೆ ಕಡೆ ಒಬ್ಬ ವೈದ್ಯರು ಸಿಗರೇಟಿನ ವಿಷಯ ತಿಳಿದು ಎಲ್ಲರೆದುರು ಗದರಿದ್ದರು. "ಇಷ್ಟು ಓದಿದವರು, ನಾಚಿಕೆಯಾಗುವುದಿಲ್ಲವೇ?" ಎಂದು. ಅದು ಅವರ ಮನಸ್ಸಿನಲ್ಲಿ ಹಾಗೆಯೇ ಉಳಿದಿತ್ತು. ಹೊಸ ವೈದ್ಯರು ಸೇದುತ್ತೀರಾ ಎಂದು ಕೇಳಿದಾಗ "ಬಿಟ್ಟು ಬಹಳ ಕಾಲವಾಯಿತು" ಎಂದುಬಿಟ್ಟರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಮನೆಗೆ ಬಂದ ಮೇಲೆ ಜಗಳವಾಯಿತು. ಸರ್ಜರಿಯಾದ ಮಾರನೆಯ ಸಂಜೆಯೇ ಟೆರೇಸಿಗೆ ಹೋಗಿ ಸೇದಿದರು. ಹೊಲಿಗೆ ಬಿಚ್ಚುವ ಹೊತ್ತಿಗೆ ವಸಡು ಹಿಂದೆ ಸರಿದು ಗ್ರಾಫ್ಟ್ ಹೊರಗೆ ಕಾಣುತ್ತಿತ್ತು. ವೈದ್ಯರಿಗೆ ಕಾರಣವೇ ತಿಳಿಯಲಿಲ್ಲ, ತಮ್ಮ ಕೈಕೆಲಸದ ಬಗ್ಗೆಯೇ ಅನುಮಾನಪಟ್ಟರು.

ಹನುಮ ಅವರು ತೀರ್ಪು ಕೊಡಬಾರದು ಎಂದದ್ದರಲ್ಲಿ ನಾನು ಅರ್ಧ ಒಪ್ಪುತ್ತೇನೆ. ಗದರಿಸಿದರೆ ರೋಗಿ ಚಟ ಬಿಡುವುದಿಲ್ಲ, ನಿಜ ಹೇಳುವುದನ್ನು ಬಿಡುತ್ತಾನೆ. ಆದರೆ ಮಂಜು ಅವರ ವೈದ್ಯರು ಗದರಿಸಿಲ್ಲ, ಮುಂಚಿತವಾಗಿಯೇ ಹೇಳಿದ್ದಾರೆ. ಎರಡೂ ಬೇರೆ ಬೇರೆ.

ಹೊಸಪೇಟೆ_ಹನುಮ:
ಅಕ್ಕ, ನಿಮ್ಮ ಯಜಮಾನರ ವಿಷಯ ಓದಿ ಬೇಸರವಾಯಿತು. ನಾನು ಹೇಳುತ್ತಿರುವುದೂ ಅದನ್ನೇ. "ಬಿಡಿ" ಎಂಬ ಒಂದು ಪದ ಹೇಳಿ ಕಳುಹಿಸುವುದು ಚಿಕಿತ್ಸೆಯಲ್ಲ. ಹೇಗೆ ಬಿಡಬೇಕು ಎಂದು ಆ ವೈದ್ಯರು ಮಂಜಣ್ಣನಿಗೆ ಹೇಳಿದರೇ? ಯಾವುದಾದರೂ ಔಷಧ ಬರೆದರೇ? ಕೆಲಸಕ್ಕೆ ಹೋಗುವ ದಾರಿಯಲ್ಲಿ ಹತ್ತು ಗೂಡಂಗಡಿ, ಪ್ರತಿ ಅಂಗಡಿಯಲ್ಲೂ ಚಹಾದ ಜೊತೆ ಬಿಡಿ ಸಿಗರೇಟು. ಅಲ್ಲಿ ನಿಂತವನ ಕಷ್ಟ ಅವರಿಗೆ ಗೊತ್ತಿಲ್ಲ.

ವಸಡುವೈದ್ಯೆ_ಮೈಸೂರು:
ಹನುಮ ಅವರೇ, ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಬಿಡಲು ನೆರವಾಗುವುದೂ ವಸಡಿನ ಚಿಕಿತ್ಸೆಯ ಭಾಗವೇ. ನಮ್ಮಲ್ಲಿ ಹಲವರು ಅದಕ್ಕೆ ಐದು ನಿಮಿಷವನ್ನೂ ಕೊಡುವುದಿಲ್ಲ.

ಆದರೆ ನಿಮ್ಮ ಮಧುಮೇಹದ ಹೋಲಿಕೆ ನಿಲ್ಲುವುದಿಲ್ಲ. ಸಕ್ಕರೆ ಹತೋಟಿಗೆ ಬಾರದಿದ್ದರೆ ತುರ್ತಿಲ್ಲದ ಸರ್ಜರಿಗಳನ್ನು ನಾವು ಮುಂದೂಡುತ್ತೇವೆ. ಮಾತ್ರೆಯನ್ನು ನಿರಾಕರಿಸುವುದಿಲ್ಲ. ಇಲ್ಲಿಯೂ ಹಾಗೆಯೇ. ಸೇದುತ್ತಾರೆ ಎಂಬ ಕಾರಣಕ್ಕೆ ಕ್ಲೀನಿಂಗ್ ನಿರಾಕರಿಸಿದರೆ ಅದು ತಪ್ಪು. ಸೇದುವವರಿಗೂ ಅದರಿಂದ ಲಾಭವಿದೆ, ಕಡಿಮೆಯಾದರೂ ಇದೆ. ಗ್ರಾಫ್ಟ್, ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲಿನ ಬೇರು) ಇಂಥ ದುಬಾರಿ ಕೆಲಸಗಳನ್ನು ತಡೆಹಿಡಿಯುವುದು ರೋಗಿಯ ದುಡ್ಡು ಉಳಿಸಲು. ಸೇದುವವರಲ್ಲಿ ಇಂಪ್ಲಾಂಟ್ ವಿಫಲವಾಗುವ ಸಾಧ್ಯತೆ ಸುಮಾರು ಎರಡು ಪಟ್ಟು.

ಮಂಜು_ದಾವಣಗೆರೆ:
ಎಲ್ಲರಿಗೂ ಧನ್ಯವಾದ. ಕ್ಲೀನಿಂಗ್ ಅನ್ನು ಅವರು ನಿರಾಕರಿಸಿಲ್ಲ. ಮುಂದಿನ ವಾರದಿಂದಲೇ ಬನ್ನಿ ಎಂದಿದ್ದಾರೆ. ಹೇಗೆ ಬಿಡಬೇಕು ಎಂದು ಹೇಳಿಲ್ಲ ಎಂಬುದೂ ನಿಜ.

ರಕ್ತದ ವಿವರಣೆ ಓದಿ ಹೆಂಡತಿಗೂ ತೋರಿಸಿದೆ. ರಕ್ತ ಬರದಿರುವುದನ್ನೇ ಇಷ್ಟು ವರ್ಷ ನನ್ನ ವಸಡು ಗಟ್ಟಿ ಎಂಬುದಕ್ಕೆ ಸಾಕ್ಷಿಯಾಗಿ ತೋರಿಸುತ್ತಿದ್ದೆ.

ಸಕ್ಕರೆನಾಡಿನವ:
ನನ್ನ ಅನುಭವವನ್ನೂ ಹೇಳುತ್ತೇನೆ, ಮಂಜು ಅವರಿಗೆ ಉಪಯೋಗವಾಗಬಹುದು. ನಾನು ಸಿಗರೇಟು ಬಿಟ್ಟ ಕೆಲವು ವಾರಗಳಲ್ಲಿ ವಸಡಿನಿಂದ ರಕ್ತ ಬರಲು ಶುರುವಾಯಿತು. ಸೇದುವಾಗ ಒಂದು ಹನಿಯೂ ಬಂದಿರಲಿಲ್ಲ! ಕಚೇರಿಯ ಗೆಳೆಯನೊಬ್ಬ "ಹಲ್ಲುಗಳಿಗೆ ಹೊಗೆಯ ಅಭ್ಯಾಸ ಆಗಿಬಿಟ್ಟಿದೆ, ಒಮ್ಮೆಲೇ ಬಿಡಬಾರದಿತ್ತು" ಎಂದ. ಅವನ ಮಾತು ಕೇಳಿ ಮತ್ತೆ ಹಿಡಿಯುವವನಿದ್ದೆ. ಅಷ್ಟರಲ್ಲಿ ಕ್ಲೀನಿಂಗ್‌ಗೆ ದಿನ ನಿಗದಿಯಾಗಿತ್ತು. ವೈದ್ಯರು ನೋಡಿ "ಇದು ಒಳ್ಳೆಯ ಲಕ್ಷಣ" ಎಂದರು.

ವಸಡುವೈದ್ಯೆ_ಮೈಸೂರು:
ನಿಮ್ಮ ವೈದ್ಯರು ಹೇಳಿದ್ದು ಸರಿ. ಬಿಟ್ಟ ಕೆಲವೇ ದಿನಗಳಲ್ಲಿ ವಸಡಿನ ರಕ್ತಸಂಚಾರ ಚೇತರಿಸಿಕೊಳ್ಳುತ್ತದೆ. ನಾಲ್ಕಾರು ವಾರಗಳಲ್ಲಿ ರಕ್ತಸ್ರಾವ ಹೆಚ್ಚುವುದು ಅಧ್ಯಯನಗಳಲ್ಲಿಯೂ ದಾಖಲಾಗಿದೆ. ರೋಗ ಹೊಸದಾಗಿ ಬಂದದ್ದಲ್ಲ, ಮುಚ್ಚಿಕೊಂಡದ್ದು ಕಾಣತೊಡಗಿತು. ಆಗ ಬ್ರಷ್ ಮಾಡುವುದನ್ನು ನಿಲ್ಲಿಸಬಾರದು. ಇನ್ನೂ ಶ್ರದ್ಧೆಯಿಂದ ಮಾಡಬೇಕು, ಹಲ್ಲಿನ ಸಂದುಗಳಿಗೆ ಸಣ್ಣ ಸಂದುಬ್ರಷ್ ಬಳಸಬೇಕು. ಇದನ್ನು ಮುಂಚಿತವಾಗಿಯೇ ಹೇಳದಿದ್ದರೆ ಜನ ಹೆದರಿ ಮತ್ತೆ ಸಿಗರೇಟು ಹಿಡಿಯುತ್ತಾರೆ.

ಅರಸೀಕೆರೆ_ಗೌರಿ:
ಎಲ್ಲರೂ ಕ್ಲೀನಿಂಗ್ ಕ್ಲೀನಿಂಗ್ ಎನ್ನುತ್ತಿದ್ದೀರಿ. ನಮ್ಮ ಅತ್ತೆಗೆ ಕ್ಲೀನಿಂಗ್ ಮಾಡಿಸಿದ ಮೇಲೆಯೇ ಹಲ್ಲು ಅಲುಗಾಡಲು ಶುರುವಾದದ್ದು. ಅಲ್ಲಿಯ ತನಕ ಗಟ್ಟಿಯಾಗಿದ್ದವು. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ದಂತವಿದ್ಯಾರ್ಥಿ:
ಅಕ್ಕ, ಆಗ ಹಲ್ಲುಗಳನ್ನು ಹಿಡಿದಿಟ್ಟಿದ್ದದ್ದು ಮೂಳೆಯಲ್ಲ, ಟಾರ್ಟರ್. ಅಕ್ಕಪಕ್ಕದ ಹಲ್ಲುಗಳ ನಡುವೆ ಗಟ್ಟಿಯಾಗಿ ಕಟ್ಟಿಕೊಂಡು ಅದು ಎಲ್ಲವನ್ನೂ ಸೇರಿಸಿ ಬಿಗಿದಿರುತ್ತದೆ. ಕೆಳಗೆ ಮೂಳೆ ಕರಗಿಹೋಗಿರುತ್ತದೆ. ಟಾರ್ಟರ್ ತೆಗೆದಾಗ ಮುಂಚೆಯೇ ಇದ್ದ ಸಡಿಲು ಬಯಲಾಗುತ್ತದೆ. ಊತ ಇಳಿದು ವಸಡು ಕುಗ್ಗುವುದರಿಂದ ಸಂದುಗಳೂ ಕಾಣಿಸುತ್ತವೆ, ಕೆಲವು ದಿನ ತಣ್ಣೀರು ತಾಗಿದರೆ ಜುಂ ಎನ್ನುತ್ತದೆ. ಹಾಗೆಂದು ಬಿಟ್ಟರೆ ಟಾರ್ಟರ್‌ನ ಜೊತೆಗೆ ಹಲ್ಲೂ ಹೋಗುತ್ತದೆ. ಕಾಲೇಜಿನ ಹೊರರೋಗಿ ವಿಭಾಗದಲ್ಲಿ ಕುಳಿತರೆ ಬೆಳಗಿನಿಂದ ಸಂಜೆಯ ತನಕ ಈ ಒಂದು ಮಾತನ್ನೇ ವಿವರಿಸುತ್ತಿರುತ್ತೇವೆ.

ಅರಸೀಕೆರೆ_ಗೌರಿ:
ಹಾಗಾದರೆ ಮಾಡುವ ಮುಂಚೆಯೇ ಹೇಳಬೇಕಿತ್ತಲ್ಲ? ನಮಗೆ ಯಾರೂ ಹೇಳಲಿಲ್ಲ. ಅತ್ತೆ ಈಗ ಯಾವ ಹಲ್ಲಿನ ವೈದ್ಯರ ಹತ್ತಿರವೂ ಬರುವುದಿಲ್ಲ.

ದಂತವಿದ್ಯಾರ್ಥಿ:
ಹೇಳಲೇಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ.

ನೇತ್ರಾವತಿ:
ಬೀಡಿಯ ವಿಷಯ ಬಂದದ್ದರಿಂದ ಒಂದು ಮಾತು. ನಾನು ಬಂಟ್ವಾಳದವಳು. ನಮ್ಮಮ್ಮ ಮನೆಯಲ್ಲಿ ಬೀಡಿ ಕಟ್ಟಿ, ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ನಮ್ಮನ್ನೆಲ್ಲ ಓದಿಸಿದರು. ಆ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ "ಬೀಡಿ ಎಲೆಯದು, ಸಿಗರೇಟಿನಷ್ಟು ಕೆಟ್ಟದ್ದಲ್ಲ" ಎನ್ನುವುದು ಸುಳ್ಳು. ಬೀಡಿಯಲ್ಲಿ ತಂಬಾಕು ಕಡಿಮೆ ಇರುತ್ತದೆ, ನಿಜ. ಆದರೆ ಆ ಎಲೆಯ ಮೂಲಕ ಗಾಳಿ ಒಳಗೆ ಬರುವುದಿಲ್ಲ, ಬಿಟ್ಟರೆ ಆರಿಹೋಗುತ್ತದೆ. ಹಾಗಾಗಿ ಜೋರಾಗಿ, ಮೇಲಿಂದ ಮೇಲೆ ಎಳೆಯಬೇಕು. ಒಳಗೆ ಹೋಗುವ ನಿಕೋಟಿನ್ ಮತ್ತು ಟಾರ್ ಸಿಗರೇಟಿಗಿಂತ ಕಡಿಮೆಯಿಲ್ಲ.

ಹಳೇಬೇರು:
ನಮ್ಮ ದೊಡ್ಡಪ್ಪನಿಗೆ ಏನೂ ಆಗಲಿಲ್ಲ ಎಂದೆ, ಬೀಡಿ ಒಳ್ಳೆಯದು ಎನ್ನಲಿಲ್ಲ. ಬೇವಿನ ಕಡ್ಡಿಯ ಬಗ್ಗೆ ಯಾರೂ ಉತ್ತರಿಸಲಿಲ್ಲ.

ದಂತವಿದ್ಯಾರ್ಥಿ:
ಬೇವಿನ ಕಡ್ಡಿ ಚೆನ್ನಾಗಿ ಬಳಸಿದರೆ ಹಲ್ಲಿನ ಮೇಲ್ಮೈ ಸ್ವಚ್ಛವಾಗುತ್ತದೆ ಸರ್. ಪಾಕೆಟ್ ಒಳಗೆ ಅದೂ ಹೋಗುವುದಿಲ್ಲ, ಬ್ರಷ್ ಕೂಡ ಹೋಗುವುದಿಲ್ಲ.

ಮಂಜು_ದಾವಣಗೆರೆ:
ಗ್ರೇಡ್ ಸಿ ಎಂದರೇನು ಎಂದು ಹುಡುಕಿದೆ. ದಿನಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಸೇದುವವರು ಗ್ರೇಡ್ ಸಿ, ಅದಕ್ಕಿಂತ ಕಡಿಮೆಯಾದರೆ ಬಿ ಎಂದಿದೆ. ಹಾಗಾದರೆ ನಾಲ್ಕೈದಕ್ಕೆ ಇಳಿಸಿದರೆ ಬಿ ಆಗುತ್ತೇನೆಯೇ? ಒಮ್ಮೆಲೇ ಬಿಡುವುದಕ್ಕಿಂತ ಅದು ನನ್ನಿಂದ ಸಾಧ್ಯ ಎನಿಸುತ್ತದೆ.

ವಸಡುವೈದ್ಯೆ_ಮೈಸೂರು:
ಆ ವರ್ಗೀಕರಣ 2018ರಲ್ಲಿ ಪ್ರಕಟವಾದದ್ದು. ಹಂತ ಎಂದರೆ ಈವರೆಗೆ ಎಷ್ಟು ಹಾನಿಯಾಗಿದೆ ಎಂಬುದು. ಗ್ರೇಡ್ ಎಂದರೆ ಮುಂದೆ ಎಷ್ಟು ವೇಗವಾಗಿ ಹಾನಿಯಾಗಬಹುದು ಎಂಬ ಅಂದಾಜು. ಸಿಗರೇಟಿನ ಸಂಖ್ಯೆ ಅದರಲ್ಲಿ ಒಂದು ಅಂಶ ಮಾತ್ರ. ಎಕ್ಸ್‌ರೇಯಲ್ಲಿ ಅತಿ ಹೆಚ್ಚು ಹಾನಿಯಾದ ಹಲ್ಲಿನ ಸುತ್ತ ಶೇಕಡಾ ಎಷ್ಟು ಮೂಳೆ ಹೋಗಿದೆ ಎಂದು ನೋಡಿ, ಅದನ್ನು ವಯಸ್ಸಿನಿಂದ ಭಾಗಿಸುತ್ತೇವೆ. 44 ವರ್ಷದವರಲ್ಲಿ ಅರ್ಧದಷ್ಟು ಮೂಳೆ ಹೋಗಿದ್ದರೆ ಭಾಗಲಬ್ಧ ಒಂದನ್ನು ದಾಟುತ್ತದೆ, ಸಿಗರೇಟಿನ ಲೆಕ್ಕ ಸೇರಿಸದೆಯೇ ಗ್ರೇಡ್ ಸಿ ಆಗುತ್ತದೆ. ನಿಮ್ಮ ಎಕ್ಸ್‌ರೇ ನನ್ನ ಮುಂದಿಲ್ಲ, ನಿಮ್ಮ ವೈದ್ಯರನ್ನು ಕೇಳಿ.

ಹತ್ತು ಎಂಬುದು ರೋಗದ ವೇಗವನ್ನು ಊಹಿಸಲು ಎಳೆದ ಗೆರೆ, ಅದರ ಕೆಳಗೆ ಇದ್ದರೆ ಸುರಕ್ಷಿತ ಎಂದಲ್ಲ. ಹೆಚ್ಚು ಸೇದಿದಷ್ಟೂ ಹಾನಿ ಹೆಚ್ಚು. ಕಡಿಮೆ ಮಾಡಿದರೆ ಸ್ವಲ್ಪ ಲಾಭವಿದೆ. ಆದರೆ ಕಡಿಮೆ ಮಾಡಿದವರು ಉಳಿದ ಸಿಗರೇಟುಗಳನ್ನು ಆಳವಾಗಿ ಎಳೆದು, ಕೊನೆಯ ತನಕ ಸೇದಿ ಕೊರತೆ ತುಂಬಿಕೊಳ್ಳುತ್ತಾರೆ. ಇಳಿಸುವುದನ್ನು ಬಿಡುವ ದಾರಿಯ ಮೆಟ್ಟಿಲಾಗಿ ಇಟ್ಟುಕೊಳ್ಳಿ, ಅಲ್ಲಿಯೇ ನಿಲ್ಲಬೇಡಿ. ಇನ್ನೊಂದು ಮಾತು: ಸಕ್ಕರೆ ಪರೀಕ್ಷೆ ಮಾಡಿಸಿದ್ದೀರಾ? ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 7 ಅಥವಾ ಅದಕ್ಕಿಂತ ಹೆಚ್ಚಿದ್ದರೂ ಗ್ರೇಡ್ ಸಿ. ಸೇದುವುದರ ಜೊತೆಗೆ ಸಕ್ಕರೆಯೂ ಇದ್ದರೆ ವಸಡು ಮಾಯುವುದು ಇನ್ನೂ ಕಷ್ಟ.

ಗಣಕಪ್ರಿಯ:
ಬೆಂಗಳೂರಿನಲ್ಲಿ ನನ್ನ ಸಹೋದ್ಯೋಗಿಗಳು ಸಿಗರೇಟು ಬಿಟ್ಟು ಇ-ಸಿಗರೇಟಿಗೆ ಹೋಗಿದ್ದಾರೆ. ಹೊಗೆ ಇಲ್ಲ, ಬರೀ ಆವಿ. ವಸಡಿಗೆ ಅದು ವಾಸಿಯಲ್ಲವೇ?

ಲೆಕ್ಕಿಗ:
2019ರಿಂದ ದೇಶದಲ್ಲಿ ಅದರ ಮಾರಾಟವೇ ನಿಷಿದ್ಧ. ಕದ್ದು ಮಾರುವ ಸಾಧನದಲ್ಲಿ ಏನಿದೆ ಎಂದು ಯಾರೂ ಹೇಳಲಾರರು. ರಕ್ತನಾಳ ಕುಗ್ಗಿಸುವ ನಿಕೋಟಿನ್ ಅಂತೂ ಅದರಲ್ಲಿಯೂ ಇರುತ್ತದೆ.

ತಾಂಬೂಲಪ್ರಿಯ_ಶಿರಸಿ:
ನಾನು ಸೇದುವುದಿಲ್ಲ. ಊಟದ ನಂತರ ಕವಳ (ಎಲೆ ಅಡಿಕೆ) ಹಾಕುತ್ತೇನೆ, ಸ್ವಲ್ಪ ಹೊಗೆಸೊಪ್ಪು ಇರುತ್ತದೆ. ಇಲ್ಲಿ ಹೇಳಿದ್ದೆಲ್ಲ ಹೊಗೆಗೆ ಮಾತ್ರವೇ, ನನಗೂ ಅನ್ವಯಿಸುತ್ತದೆಯೇ?

ವಸಡುವೈದ್ಯೆ_ಮೈಸೂರು:
ಅನ್ವಯಿಸುತ್ತದೆ, ರೂಪ ಬೇರೆ. ಕವಳವನ್ನು ನೀವು ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀರೋ ಆ ಕಡೆಯ ಹಲ್ಲುಗಳ ವಸಡು ಹಿಂದೆ ಸರಿಯುತ್ತದೆ, ಬೇರು ಕಾಣಿಸುತ್ತದೆ. ಕನ್ನಡಿಯಲ್ಲಿ ಎರಡೂ ಕಡೆ ಹೋಲಿಸಿ ನೋಡಿ. ತಂಬಾಕಿನಿಂದ ಬಿಳಿ ಮಚ್ಚೆ, ಅಡಿಕೆಯಿಂದ ಬಾಯಿ ತೆರೆಯಲು ಕಷ್ಟವಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಬರುತ್ತವೆ. ಇವೆರಡೂ ಕ್ಯಾನ್ಸರಿಗೆ ದಾರಿಯಾಗಬಹುದು. ನಮ್ಮ ರಾಜ್ಯದ ಮಟ್ಟಿಗೆ ಇದು ಧೂಮಪಾನಕ್ಕಿಂತ ದೊಡ್ಡ ಸಮಸ್ಯೆ. 2016-17ರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಒಂದಲ್ಲ ಒಂದು ರೂಪದ ತಂಬಾಕು ಬಳಸುತ್ತಿದ್ದರು, ಅವರಲ್ಲಿ ಹೆಚ್ಚಿನವರು ಜಗಿಯುವವರು.

ತಾಂಬೂಲಪ್ರಿಯ_ಶಿರಸಿ:
ಕನ್ನಡಿ ನೋಡಿದೆ. ಎಡಗಡೆ ಎರಡು ಹಲ್ಲುಗಳ ಬೇರು ಕಾಣುತ್ತಿದೆ. ತಂಬಾಕು ಬಿಡಬಲ್ಲೆ, ಅಡಿಕೆಯನ್ನು ಬೈಯಬೇಡಿ. ನಮ್ಮದು ಅಡಿಕೆ ತೋಟ.

ಔಷಧದಂಗಡಿ_ರಮೇಶ:
ಬಿಡುವುದು ಹೇಗೆ ಎಂದು ಹನುಮ ಅವರು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ನಾನು ಔಷಧ ಮಾರುವವನು. ನಿಕೋಟಿನ್ ಚೂಯಿಂಗ್ ಗಮ್ 2 ಮತ್ತು 4 ಮಿ.ಗ್ರಾಂ.ಗಳಲ್ಲಿ ಸಿಗುತ್ತದೆ. ಹೆಚ್ಚಿನವರು ಅದನ್ನು ಸಾಮಾನ್ಯ ಚೂಯಿಂಗ್ ಗಮ್‌ನಂತೆ ಅಗಿದು, ಬಿಕ್ಕಳಿಕೆ ಬಂದು, ಎದೆ ಉರಿದು ಬಿಟ್ಟುಬಿಡುತ್ತಾರೆ. ನಿಧಾನವಾಗಿ ಅಗಿಯಬೇಕು. ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಕಾಲು ಗಂಟೆ ಮುಂಚೆ ಕಾಫಿ, ಹಣ್ಣಿನ ರಸ ಬೇಡ. ಹಲ್ಲು ಅಲುಗಾಡುವವರಿಗೆ ಅಗಿಯುವುದು ಕಷ್ಟವಾದರೆ ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆಯನ್ನೂ ಸೇರಿಸಿದ್ದಾರೆ. ವೆರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳಿಗೆ ವೈದ್ಯರ ಚೀಟಿ ಬೇಕೇ ಬೇಕು.

ಶಾಲ್ಮಲಾ:
ಸಿಗರೇಟು ಪ್ಯಾಕಿನ ಮೇಲೆಯೇ ಸಹಾಯವಾಣಿಯ ಸಂಖ್ಯೆ ಇದೆ, 1800-11-2356. ಶುಲ್ಕವಿಲ್ಲ. ಕನ್ನಡದಲ್ಲಿ ಮಾತನಾಡುತ್ತಾರೆ, ನಿಮ್ಹಾನ್ಸ್ ಕೂಡ ಈ ಸೇವೆಯ ಕೇಂದ್ರಗಳಲ್ಲಿ ಒಂದು. ನಮ್ಮ ಯಜಮಾನರು ಕೊನೆಗೆ ಬಿಟ್ಟದ್ದು ಅದರಿಂದಲೇ. ಆ ಕಡೆಯಿಂದ ಮಾತನಾಡಿದವರು ಗದರಲಿಲ್ಲ ಎಂಬುದೇ ಅವರಿಗೆ ದೊಡ್ಡದಾಗಿತ್ತು.

ಹೊಸಪೇಟೆ_ಹನುಮ:
ಗಮ್‌ನಲ್ಲಿಯೂ ನಿಕೋಟಿನ್ ಇದೆ ಎಂದ ಮೇಲೆ ಅದೂ ವಸಡಿನ ರಕ್ತನಾಳ ಕುಗ್ಗಿಸುವುದಿಲ್ಲವೇ? ಈಗ ತಾನೇ ಇ-ಸಿಗರೇಟಿನ ಬಗ್ಗೆ ಆ ಮಾತು ಬಂತು.

ವಸಡುವೈದ್ಯೆ_ಮೈಸೂರು:
ಸರಿಯಾದ ಪ್ರಶ್ನೆ. ಸ್ವಲ್ಪ ಮಟ್ಟಿಗೆ ಕುಗ್ಗಿಸಬಹುದು. ಆದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್, ಟಾರ್ ಮತ್ತು ಸಾವಿರಾರು ರಾಸಾಯನಿಕಗಳು ಗಮ್‌ನಲ್ಲಿ ಇಲ್ಲ. ಪ್ರಮಾಣ ನಿಗದಿಯಾಗಿದೆ, ಕೆಲವು ತಿಂಗಳಲ್ಲಿ ಇಳಿಸುತ್ತಾ ನಿಲ್ಲಿಸುವ ಔಷಧ ಅದು. ಸೇದುತ್ತಲೇ ಇರುವುದಕ್ಕಿಂತ ಅದೇ ಮೇಲು ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ.

ಅರಸೀಕೆರೆ_ಗೌರಿ:
ವಸಡಿನಲ್ಲಿ ಕೀವು ಬಂದಾಗ ಅಂಗಡಿಯಲ್ಲಿ ಐದು ದಿನದ ಆಂಟಿಬಯೋಟಿಕ್ ತೆಗೆದುಕೊಂಡರೆ ಇಳಿಯುತ್ತದಲ್ಲ? ಇಷ್ಟೆಲ್ಲ ಏಕೆ ಬೇಕು?

ಔಷಧದಂಗಡಿ_ರಮೇಶ:
ದಯವಿಟ್ಟು ಹಾಗೆ ಕೇಳಿ ಬರಬೇಡಿ ಅಕ್ಕ. ಚೀಟಿ ಇಲ್ಲದೆ ಕೊಡುವ ಅಂಗಡಿಗಳಿವೆ, ಕೊಡಬಾರದು.

ದಂತವಿದ್ಯಾರ್ಥಿ:
ಕೀವು ಇಳಿಯುತ್ತದೆ, ಬೇರಿನ ಮೇಲಿನ ಟಾರ್ಟರ್ ಅಲ್ಲಿಯೇ ಇರುತ್ತದೆ. ಅದರ ಮೇಲೆ ಪೊರೆ ಕಟ್ಟಿಕೊಂಡ ಬ್ಯಾಕ್ಟೀರಿಯಾಗಳ ಒಳಕ್ಕೆ ಮಾತ್ರೆಯ ಔಷಧ ಸರಿಯಾಗಿ ಇಳಿಯುವುದಿಲ್ಲ. ಕೆಲವು ರೋಗಿಗಳಿಗೆ ಕ್ಲೀನಿಂಗ್ ಜೊತೆ ತಜ್ಞರು ಆಂಟಿಬಯೋಟಿಕ್ ಕೊಡುವುದುಂಟು, ಕ್ಲೀನಿಂಗ್ ಬದಲಿಗೆ ಅಲ್ಲ. ಖರ್ಚಿನ ಚಿಂತೆ ಇರುವವರು ದಂತ ಕಾಲೇಜುಗಳ ಪೆರಿಯೊಡಾಂಟಿಕ್ಸ್ ವಿಭಾಗಕ್ಕೆ ಬನ್ನಿ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣಳತೆಯಲ್ಲಿ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ದುಡ್ಡು ಕಡಿಮೆ. ದಾವಣಗೆರೆಯಲ್ಲಿಯೂ ದಂತ ಕಾಲೇಜುಗಳಿವೆ.

ಮಂಜು_ದಾವಣಗೆರೆ:
ಒಂದು ಭಾಗದ ಕ್ಲೀನಿಂಗ್ ಆಯಿತು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಮಾಡಿದರು, ನೋವು ನಾನು ಹೆದರಿದಷ್ಟು ಇರಲಿಲ್ಲ. ಎಚ್‌ಬಿಎ1ಸಿ 6.1 ಬಂದಿದೆ. ಗಡಿಯಲ್ಲಿದೆ, ಊಟದಲ್ಲಿ ಎಚ್ಚರ ಇರಲಿ ಎಂದರು.

ಪ್ಯಾಚ್ ವಿಷಯವನ್ನು ನಾನೇ ಎತ್ತಿದೆ. ವೈದ್ಯರು ಕುರ್ಚಿ ಎಳೆದು ಕುಳಿತು ಮಾತನಾಡಿದರು, ಬರೆದೂ ಕೊಟ್ಟರು. ಬೆಳಗ್ಗೆ ಎದ್ದ ಕೂಡಲೇ ಸೇದುವುದು ಮತ್ತು ಊಟದ ನಂತರದ್ದು, ಇವೆರಡು ನನಗೆ ಕಷ್ಟ ಎಂದು ಹೇಳಿದೆ. ಅಂಟಿಸಿಕೊಂಡಿದ್ದೇನೆ. ಮುಂದಿನ ಅಳತೆಗೆ ಮೂರು ತಿಂಗಳಿದೆ. ಆಗ ಪಾಕೆಟ್ ಕುಗ್ಗಿದ್ದರೆ ಸರ್ಜರಿ ಬೇಕಾಗದೆಯೂ ಹೋಗಬಹುದು ಎಂದಿದ್ದಾರೆ. ಅಲುಗಾಡುವ ಎರಡು ಹಲ್ಲುಗಳ ಬಗ್ಗೆ ಮಾತ್ರ ಭರವಸೆ ಕೊಡಲಿಲ್ಲ.

ಹೊಸಪೇಟೆ_ಹನುಮ:
ಕುರ್ಚಿ ಎಳೆದು ಕುಳಿತು ಮಾತನಾಡಿದರೇ? ಹಾಗಾದರೆ ಅವರನ್ನೇ ಮುಂದುವರಿಸಿ ಅಣ್ಣ.

ಸಕ್ಕರೆನಾಡಿನವ:
ಕೆಲವು ವಾರಗಳಲ್ಲಿ ರಕ್ತ ಕಾಣಿಸಿದರೆ ಹೆದರಬೇಡಿ. ಇಲ್ಲಿಗೇ ಬಂದು ಬರೆಯಿರಿ.

ಬೆಳಗಾವಿ_ಸುಧಾ:
ತಡವಾಗಿ ಓದಿದೆ. ನಮ್ಮ ಮಾವನವರು ದಿನಾ ಬೆಳಗ್ಗೆ ಮಿಶ್ರಿಯಿಂದ ಹಲ್ಲುಜ್ಜುತ್ತಾರೆ. ಸುಟ್ಟ ತಂಬಾಕಿನ ಪುಡಿ ಅದು. ಹಲ್ಲುನೋವಿಗೆ ಅದೇ ಔಷಧ ಎನ್ನುತ್ತಾರೆ. ಕೆಳಗಿನ ವಸಡಿನ ಹತ್ತಿರ ಕೆನ್ನೆಯ ಒಳಗೆ ಬಿಳಿ ಗೀರು ಇದೆ, ನೋವಿಲ್ಲ. ಕ್ಲೀನಿಂಗ್‌ಗೆ ಕರೆದೊಯ್ಯಲೇ, ಅಥವಾ ಮೊದಲು ಬೇರೆ ಯಾರನ್ನಾದರೂ ಕಾಣಬೇಕೇ?

ವಸಡುವೈದ್ಯೆ_ಮೈಸೂರು:
ಹಲ್ಲಿನ ವೈದ್ಯರ ಹತ್ತಿರವೇ ಕರೆದೊಯ್ಯಿರಿ, ಆದರೆ ಕ್ಲೀನಿಂಗ್ ಎನ್ನಬೇಡಿ. ಬಿಳಿ ಗೀರು ತೋರಿಸಲು ಬಂದಿದ್ದೇವೆ ಎಂದು ಮೊದಲೇ ಹೇಳಿ. ನೋವಿಲ್ಲ ಎಂದು ಸುಮ್ಮನಿರಬೇಡಿ. ಎರಡು ವಾರ ದಾಟಿದ ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು ಯಾವುದೇ ಇರಲಿ, ತಜ್ಞರು ನೋಡಬೇಕು. ಅಗತ್ಯವೆನಿಸಿದರೆ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಮಿಶ್ರಿಯ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಅವರಿಗೆ ತಿಳಿಯಲಿ.

ಬೆಳಗಾವಿ_ಸುಧಾ:
ನಾಳೆಯೇ ಹೊರಡುತ್ತೇವೆ ಮೇಡಂ.